ಹಿಮದ ಮೇಲಿನ ಹೆಜ್ಜೆ, ಹಳ್ಳಿಯ ಮೇಲಿನ ಭಾರ

ಮಾಗಿಯ ಚಳಿ ಇಳಿಯಿತೆಂದರೆ ಹಂಪಾಪುರದ ಸುತ್ತಿನ ಸೀಮೆಯಲ್ಲಿ ಹಗಲಿಗೊಂದು ಕೆಲಸ, ಇರುಳಿಗೊಂದು ಕೆಲಸ. ಹಗಲು ರಾಗಿಯ ಕೊಯ್ಲು, ಕಂತೆ ಕಟ್ಟುವುದು, ಮೆದೆ ಒಟ್ಟುವುದು. ಇರುಳು, ಕಾಡಂಚಿನ ಊರುಗಳಲ್ಲಿ, ಆನೆ ಕಾಯುವುದು. ಇದೇ ದಿನಗಳಲ್ಲಿ ಮೈಸೂರು–ಮಾನಂದವಾಡಿ ರಸ್ತೆಯ ಮೇಲೆ ವಾರಾಂತ್ಯದ ವಾಹನಗಳ ಸಾಲು ಕಬಿನಿ ಹಿನ್ನೀರಿನ ರೆಸಾರ್ಟುಗಳತ್ತ, ಅದನ್ನೂ ದಾಟಿ ವಯನಾಡಿನ ಬೆಟ್ಟಗಳತ್ತ ಸಾಗುತ್ತದೆ. ಇನ್ನೂ ದೂರದ ಚಳಿಯನ್ನು ಬಯಸುವವರಿಗೆ ಬೇರೊಂದು ಸರಕು ಸಿದ್ಧವಾಗಿದೆ. ಹಿಮದ ಮೇಲೆ ನಡೆಯಿರಿ, ಶಿಖರ ಮುಟ್ಟಿ, ವಾರದೊಳಗೆ ಮನೆಗೆ ಮರಳಿ ಎಂಬ ಧಾಟಿಯ ಜಾಹೀರಾತುಗಳು ಮೈಸೂರು, ಬೆಂಗಳೂರುಗಳ ವಿದ್ಯಾರ್ಥಿಗಳ ಮೊಬೈಲುಗಳನ್ನು ತುಂಬುತ್ತಿವೆ. ಉತ್ತರಾಖಂಡದ ಕೇದಾರಕಂಠ, ಕುವಾರಿ ಪಾಸ್, ಔಲಿಯ ಸ್ಕೀ ಇಳಿಜಾರಿನ ಮೇಲ್ಬದಿಯ ಹುಲ್ಲುಗಾವಲುಗಳು ಇಂದು ಕನ್ನಡದ ಮಧ್ಯಮ ವರ್ಗದ ಮನೆಮಾತಾಗತೊಡಗಿವೆ.

ರಾಗಿ ಕೊಯ್ಯುವವನಿಗೂ ಹಿಮದ ಮೇಲೆ ನಡೆಯುವವನಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಬೆಟ್ಟವನ್ನು ನೋಟವೆಂದು ಮಾರುವ ವ್ಯಾಪಾರಕ್ಕೆ ಹಿಮಾಲಯವೂ ಒಂದೇ, ಸಹ್ಯಾದ್ರಿಯೂ ಒಂದೇ, ಕಬಿನಿಯ ಹಿನ್ನೀರೂ ಒಂದೇ. ಅಲ್ಲಿ ನಡೆದದ್ದು ಇಲ್ಲಿ ನಡೆಯತೊಡಗಿದೆ. ಅಲ್ಲಿಯ ಹಳ್ಳಿಗರು ತೆತ್ತ ಬೆಲೆಯನ್ನು ಇಲ್ಲಿಯ ಹಳ್ಳಿಗರು ತೆರುವ ಮೊದಲೇ ಲೆಕ್ಕ ಕೇಳಬೇಕಾಗಿದೆ.

ಹಿಮದ ಮೇಲೆ ನಡೆಯಲು ಬಳಸುವ ಹಿಮಪಾದುಕೆಯ ತತ್ತ್ವ ಬಹಳ ಸರಳ. ಮೆತ್ತನೆಯ ಹಿಮದಲ್ಲಿ ಬರಿಗಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅಗಲವಾದ ಚೌಕಟ್ಟೊಂದನ್ನು ಪಾದಕ್ಕೆ ಕಟ್ಟಿದರೆ ದೇಹದ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಕಾಲು ಮೇಲೆಯೇ ನಿಲ್ಲುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಬಳೆಗೆ ತೊಗಲಿನ ಪಟ್ಟಿ ಹೆಣೆದು ಇದನ್ನು ಮಾಡಿಕೊಂಡದ್ದು ಬೇಟೆಗಾಗಿ, ಬದುಕಿಗಾಗಿ. ಇಂದು ಅದು ಆಟದ ಸಾಮಗ್ರಿ. ಆಟವಾಡುವುದು ತಪ್ಪಲ್ಲ. ಆದರೆ ಇಲ್ಲೊಂದು ವಿಪರ್ಯಾಸವಿದೆ. ಪಾದುಕೆ ನಡೆಯುವವನ ಭಾರವನ್ನು ಹಂಚುತ್ತದೆ. ಅವನನ್ನು ಅಲ್ಲಿಗೆ ಕರೆತರುವ ವ್ಯಾಪಾರವಾದರೋ ತನ್ನ ಇಡೀ ಭಾರವನ್ನು ಕೆಳಗಿರುವ ಒಂದೇ ಊರಿನ ತಲೆಯ ಮೇಲೆ ಹೇರುತ್ತದೆ. ಆ ಊರಿನ ಹೆಸರು ಜೋಶಿಮಠ.

ಶೃಂಗೇರಿಯ ಸೋದರ ಪೀಠದ ಪಾಡು

ಶಂಕರಾಚಾರ್ಯರು ಸ್ಥಾಪಿಸಿದರೆನ್ನಲಾದ ನಾಲ್ಕು ಪೀಠಗಳಲ್ಲಿ ಒಂದು ಕರ್ನಾಟಕದ ಮಲೆನಾಡಿನ ಶೃಂಗೇರಿಯಲ್ಲಿದೆ. ಉತ್ತರದ ಪೀಠ ಜೋಶಿಮಠದಲ್ಲಿದೆ. 2024ರಲ್ಲಿ ಆ ಊರಿಗೆ ಅಧಿಕೃತವಾಗಿ ಜ್ಯೋತಿರ್ಮಠವೆಂಬ ಹಳೆಯ ಹೆಸರನ್ನು ಮರಳಿ ಕೊಡಲಾಯಿತು. ಹೆಸರು ಮರಳಿತು, ನೆಲ ಮರಳಲಿಲ್ಲ. ಈ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಪುರಾತನ ಭೂಕುಸಿತವೊಂದರ ಮಣ್ಣುಕಲ್ಲುಗಳ ರಾಶಿಯ ಮೇಲೆ. ಈ ಮಾತನ್ನು ಮಿಶ್ರಾ ಸಮಿತಿ 1976ರಲ್ಲಿಯೇ ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಭಾರಿ ಕಟ್ಟಡ ಬೇಡ, ಸಿಡಿಮದ್ದು ಬೇಡ, ಇಳಿಜಾರಿನ ಮರ ಕಡಿಯಬೇಡಿ ಎಂದು ಎಚ್ಚರಿಸಿತ್ತು. ವರದಿ ಕಪಾಟು ಸೇರಿತು. ಊರು ಬೆಳೆಯಿತು.

ಬೆಳೆದದ್ದಕ್ಕೆ ಕಾರಣಗಳು ಹಲವು. ಬದರಿನಾಥದ ಯಾತ್ರೆ ಒಂದು, ಸೇನೆಯ ನೆಲೆ ಮತ್ತೊಂದು. ಮೂರನೆಯದು ಮೇಲಿನ ಔಲಿ. ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಹಾಕಲಾಯಿತು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಇಳಿಜಾರನ್ನು ಸಜ್ಜುಗೊಳಿಸಲಾಯಿತು. ಕೃತಕ ಹಿಮ ಸುರಿಸುವ ಯಂತ್ರಗಳು ಬಂದವು; ಅವುಗಳಿಗೆ ನೀರೊದಗಿಸಲು ಬೆಟ್ಟದ ಮೇಲೊಂದು ಕೃತಕ ಕೊಳವೂ ಬಂತು. 2019ರ ಜೂನ್‌ನಲ್ಲಿ ಉದ್ಯಮಿ ಕುಟುಂಬವೊಂದರ ವೈಭವದ ಮದುವೆ ಅದೇ ಇಳಿಜಾರಿನಲ್ಲಿ ನಡೆದು, ಬಳಿಕ ಅಲ್ಲಿಂದ ಎತ್ತಿದ ಕಸವನ್ನು ನೂರಾರು ಕ್ವಿಂಟಾಲುಗಳಲ್ಲಿ ಅಳೆಯಬೇಕಾಯಿತು. ಉಚ್ಚ ನ್ಯಾಯಾಲಯ ನಡುವೆ ಬರಬೇಕಾಯಿತು. ಬಂದುಹೋಗುವವರಿಗಾಗಿ ಕೆಳಗಿನ ಊರಿನಲ್ಲಿ ಹೋಟೆಲುಗಳು ಅಂತಸ್ತಿನ ಮೇಲೆ ಅಂತಸ್ತು ಏರಿದವು. ಆದರೆ ಊರಿನ ಬಚ್ಚಲು ನೀರು ಹರಿದುಹೋಗಲು ಸರಿಯಾದ ಚರಂಡಿಯಿರಲಿಲ್ಲ. ಆ ನೀರೆಲ್ಲ ಸಡಿಲ ಮಣ್ಣಿನೊಳಗೇ ಇಂಗಿತು.

2023ರ ಜನವರಿಯಲ್ಲಿ ನೆಲ ಬಾಯಿಬಿಟ್ಟಿತು. 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಮೂಡಿತು. ಒಂದಕ್ಕೊಂದು ವಾಲಿಕೊಂಡ ಎರಡು ಹೋಟೆಲುಗಳನ್ನು ಕೆಡವಬೇಕಾಯಿತು. ಡಿಸೆಂಬರ್ 27ರಿಂದ ಜನವರಿ 8ರವರೆಗಿನ 12 ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿತ್ತೆಂದು ಉಪಗ್ರಹ ಚಿತ್ರಗಳು ತೋರಿದವು. ಕುಸಿತದ ನೆತ್ತಿ ಇದ್ದದ್ದು ಸುಮಾರು 2,180 ಮೀಟರ್ ಎತ್ತರದಲ್ಲಿ, ಜೋಶಿಮಠ–ಔಲಿ ರಸ್ತೆಯ ಬಳಿಯಲ್ಲಿ. ರೋಪ್‌ವೇ ನಿಂತಿತು. ನೂರಾರು ಕುಟುಂಬಗಳು ಮಂಜು ಸುರಿಯುವ ತಿಂಗಳಲ್ಲಿ ಮನೆ ಬಿಟ್ಟು ಆಶ್ರಯ ಕೇಂದ್ರಗಳನ್ನು ಸೇರಿದವು.

ಇದಕ್ಕೆಲ್ಲ ಪ್ರವಾಸೋದ್ಯಮವೊಂದೇ ಕಾರಣವೆಂದರೆ ಅದು ಸತ್ಯಕ್ಕೆ ಅಪಚಾರ. ತಪೋವನ–ವಿಷ್ಣುಗಡ ಜಲವಿದ್ಯುತ್ ಯೋಜನೆಯ ಸುರಂಗವೇ ಮುಖ್ಯ ಅಪರಾಧಿಯೆಂದು ಅಲ್ಲಿಯ ನಿವಾಸಿಗಳು ಬೀದಿಗಿಳಿದು ಹೇಳಿದರು. ಯೋಜನೆಯ ಕಂಪನಿ ಅದನ್ನು ನಿರಾಕರಿಸಿತು. ರಸ್ತೆ ಅಗಲೀಕರಣವೂ ಇತ್ತು. ಆದರೆ ಸುರಂಗ ಕೊರೆಯುವವನೂ ಹೋಟೆಲು ಕಟ್ಟುವವನೂ ಬೆಟ್ಟದ ಬಗ್ಗೆ ತಳೆದ ನಿಲುವು ಒಂದೇ. ಬೆಟ್ಟವೆಂದರೆ ಬಳಸಿಕೊಳ್ಳುವ ವಸ್ತು, ಅದರ ಮೇಲೆ ಬದುಕುವವರು ಲೆಕ್ಕಕ್ಕಿಲ್ಲದವರು. ಒಬ್ಬನು ಬೆಟ್ಟದ ಹೊಟ್ಟೆಯನ್ನು ಕೊರೆದ, ಮತ್ತೊಬ್ಬನು ಅದರ ಹೆಗಲ ಮೇಲೆ ಕುಳಿತ. ಬಿರುಕು ಬಿಟ್ಟದ್ದು ಮೂರನೆಯವನ ಗೋಡೆ.

ಅದೇ 2023ರ ಫೆಬ್ರವರಿಯಲ್ಲಿ ಔಲಿಯಲ್ಲಿ ನಡೆಯಬೇಕಿದ್ದ ಸ್ಕೀ ಸ್ಪರ್ಧೆ ಸಾಕಷ್ಟು ಹಿಮವಿಲ್ಲದೆ ರದ್ದಾಯಿತು. ಯಾವ ಹಿಮವನ್ನು ತೋರಿಸಿ ಊರನ್ನು ಕಟ್ಟಲಾಯಿತೋ ಆ ಹಿಮವೇ ಕೈಕೊಟ್ಟಿತು. ಹವಾಮಾನ ಬಿಸಿಯೇರುತ್ತಿರುವ ಕಾಲದಲ್ಲಿ ಹಿಮವನ್ನು ನಂಬಿ ಸಾಲ ಮಾಡುವುದು, ಮಳೆಯನ್ನು ನಂಬಿ ಹೊಗೆಸೊಪ್ಪಿಗೆ ಸಾಲ ಮಾಡುವುದಕ್ಕಿಂತ ಸುರಕ್ಷಿತವೇನಲ್ಲ. ಪಿರಿಯಾಪಟ್ಟಣ, ಹುಣಸೂರುಗಳ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಮೌನದ ಋತು

ಚಳಿಗಾಲದ ಚಾರಣದಿಂದ ಕಾಡಿಗೇನು ನಷ್ಟ, ಹಿಮ ಕರಗಿದರೆ ಹೆಜ್ಜೆಯೂ ಅಳಿಸಿಹೋಗುವುದಲ್ಲ ಎಂಬ ವಾದವಿದೆ. ಕೇಳಲು ಇಂಪಾದ ವಾದ. ಆದರೆ ಚಳಿಗಾಲವೆಂಬುದು ಪ್ರಾಣಿಗಳ ಪಾಲಿಗೆ ಉಳಿತಾಯದ ಋತು. ಮೇವಿಲ್ಲ, ಹಗಲು ಚಿಕ್ಕದು, ಮೈಯಲ್ಲಿ ಕೂಡಿಟ್ಟ ಕೊಬ್ಬೇ ವಸಂತದವರೆಗಿನ ಗಂಟು. ಆಲ್ಪ್ಸ್ ಪರ್ವತಗಳಲ್ಲಿ ಕಾಡುಕೋಳಿಯ ಜಾತಿಯ ಕಪ್ಪು ಹಕ್ಕಿಯೊಂದಿದೆ. ಅದು ಹಿಮದೊಳಗೆ ಬಿಲ ತೋಡಿ, ಬೆಚ್ಚಗೆ ಅಡಗಿ ದಿನದ ಬಹುಪಾಲು ಕಳೆಯುತ್ತದೆ. ಸ್ಕೀ ಆಡುವವರೂ ಹಿಮಪಾದುಕೆಯವರೂ ದಾರಿ ಬಿಟ್ಟು ಬಂದಾಗ ಅದು ಬಿಲದಿಂದ ಸಿಡಿದೇಳುತ್ತದೆ. ಅಂಥ ಒಂದೊಂದು ಹಾರಾಟವೂ ಗಂಟಿನಿಂದ ಕಳೆದ ಹಣ. ಜನರ ಓಡಾಟವಿರುವೆಡೆ ಈ ಹಕ್ಕಿಯ ಹಿಕ್ಕೆಯಲ್ಲಿ ಒತ್ತಡದ ಹಾರ್ಮೋನು ಏರಿರುವುದನ್ನು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅಳೆದು 2007ರಲ್ಲಿ ಪ್ರಕಟಿಸಿದರು. ಆ ದೇಶ ಇಂದು ಹಲವೆಡೆ ವನ್ಯಜೀವಿಗಳ ಮೌನವಲಯಗಳನ್ನು ಗುರುತಿಸಿದೆ. ಚಳಿಗಾಲದಲ್ಲಿ ಅಲ್ಲಿ ಗುರುತಿಸಿದ ದಾರಿಯನ್ನು ಬಿಟ್ಟು ಹೆಜ್ಜೆಯಿಟ್ಟರೆ ದಂಡ. ಚಾರಣವನ್ನೇ ಸಂಸ್ಕೃತಿಯಾಗಿಸಿಕೊಂಡ ನಾಡಿಗೂ ಇಂಥ ಗೆರೆ ಬೇಕೆನಿಸಿದೆ. ಮೊನಾಲ್ ಹಕ್ಕಿ, ಕಸ್ತೂರಿ ಮೃಗಗಳ ಹಿಮಾಲಯಕ್ಕೆ ಅದು ಬೇಡವೇ?

ಹಿಮಾಲಯದ ಬುಗ್ಯಾಲುಗಳೆಂಬ ಎತ್ತರದ ಹುಲ್ಲುಗಾವಲುಗಳ ಸಂರಕ್ಷಣೆಗೆ ನ್ಯಾಯಾಲಯದ ಮೆಟ್ಟಿಲೇರಿದ್ದು ದೊಡ್ಡ ಸಂಸ್ಥೆಯಲ್ಲ, ಸ್ಥಳೀಯರ ಒಂದು ಸಂರಕ್ಷಣಾ ಸಮಿತಿ. 2018ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಪ್ರವಾಸಿಗರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿ ಆದೇಶಿಸಿತು. ಆಗ ಎದ್ದ ಕೂಗು ಚಾರಣದ ಉದ್ಯಮ ಸತ್ತಿತೆಂಬುದು. ಹುಲ್ಲು ಸತ್ತ ಮೇಲೆ ಉದ್ಯಮ ಯಾವುದರ ಮೇಲೆ ನಿಲ್ಲುತ್ತಿತ್ತೆಂಬುದನ್ನು ಕೂಗಿದವರು ಹೇಳಲಿಲ್ಲ.

ಕನ್ನಡಿಗರ ಹೆಣಗಳು ಬಂದ ದಿನ

2024ರ ಮೇ ಕೊನೆಯಲ್ಲಿ ಕರ್ನಾಟಕದ ಚಾರಣಿಗರು ಮತ್ತು ಸ್ಥಳೀಯ ಮಾರ್ಗದರ್ಶಿ ಸೇರಿ 22 ಮಂದಿಯ ತಂಡವೊಂದು ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲಕ್ಕೆ ಹೊರಟಿತು. 4,000 ಮೀಟರಿಗೂ ಎತ್ತರದ ಆ ಸರೋವರಗಳಿಂದ ಮರಳುವಾಗ ಜೂನ್ 3ರಂದು ಹಿಮಗಾಳಿ ಬೀಸಿತು. ದಾರಿ ಕಾಣದೆ, ಬಿಡಾರ ತಲುಪಲಾರದೆ, ಬಯಲಿನಲ್ಲಿ ರಾತ್ರಿ ಕಳೆಯಬೇಕಾಯಿತು. 9 ಮಂದಿ ಕನ್ನಡಿಗರು ಪ್ರಾಣ ಬಿಟ್ಟರು. 13 ಮಂದಿಯನ್ನು ರಕ್ಷಣಾ ಪಡೆಗಳೂ ವಾಯುಪಡೆಯ ಹೆಲಿಕಾಪ್ಟರುಗಳೂ ಉಳಿಸಿದವು. ಕರ್ನಾಟಕದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಧಾವಿಸಬೇಕಾಯಿತು.

ಸತ್ತವರನ್ನು ದೂರುವುದು ಈ ಮಾತಿನ ಉದ್ದೇಶವಲ್ಲ. ಅವರಲ್ಲಿ ಹಲವರು ಅನುಭವಿಗಳು, ಬೆಟ್ಟವನ್ನು ನಿಜಕ್ಕೂ ಪ್ರೀತಿಸಿದವರು. ಪ್ರಶ್ನೆ ವ್ಯವಸ್ಥೆಯದು. ಜೂನ್ ತಿಂಗಳಿನಲ್ಲಿಯೇ ಹೀಗಾಗುವುದಾದರೆ ಡಿಸೆಂಬರ್, ಜನವರಿಗಳಲ್ಲಿ ಅನುಭವವೇ ಇಲ್ಲದ ಹುಡುಗ ಹುಡುಗಿಯರನ್ನು ಹಿಂಡು ಹಿಂಡಾಗಿ ಕರೆದೊಯ್ಯುವವರು ಹವಾಮಾನದ ಮುನ್ಸೂಚನೆಯನ್ನು ಯಾರಿಂದ ಪಡೆಯುತ್ತಾರೆ? ಹಿಂದಿರುಗಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು? ಹಣ ಪಡೆದ ಸಂಘಟಕನದೋ, ದಿನಗೂಲಿಗೆ ಬಂದ ಊರಿನ ಮಾರ್ಗದರ್ಶಿಯದೋ? ಮೋಡದ ಬಣ್ಣ ನೋಡಿ ಬೇಡವೆನ್ನಬಲ್ಲವನು ಆ ಮಾರ್ಗದರ್ಶಿ. ಅವನ ಮಾತಿಗೆ ಬೆಲೆಯಿಲ್ಲದ ಏರ್ಪಾಡಿನಲ್ಲಿ ಸಾವು ಅಪಘಾತವಲ್ಲ, ನಿರೀಕ್ಷಿತ ಫಲ. ಅವಘಡವಾದಾಗ ರಾತ್ರಿಯಲ್ಲಿ ಲಾಟೀನು ಹಿಡಿದು ಮೊದಲು ಬೆಟ್ಟವೇರುವವರು ಕೂಡ ಜಾಹೀರಾತು ಕೊಟ್ಟವರಲ್ಲ, ಕೆಳಗಿನ ಊರಿನವರು.

ಮನೆಯಂಗಳದ ಮಾತು

ಸಹ್ಯಾದ್ರಿಯಲ್ಲಿ ಹಿಮವಿಲ್ಲ. ಆದರೆ ಹಿಂಡುಗಳಿಗೆ ಕೊರತೆಯಿಲ್ಲ. 2024ರ ಜನವರಿ 26ರ ಸಾಲು ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ನೆರೆದು, ಕಾಡಿನ ದಾರಿ ಸಂತೆಯ ಬೀದಿಯಂತಾದದ್ದನ್ನು ಇಡೀ ರಾಜ್ಯ ನೋಡಿತು. ಸರ್ಕಾರ ಬೆಚ್ಚಿ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆ ಬಂತು; ಮಾರ್ಗವೊಂದಕ್ಕೆ ದಿನಕ್ಕೆ 300 ಮಂದಿಯೆಂಬ ಮಿತಿಯೂ ಬಂತು. ಮಿತಿ ಬಂದದ್ದು ಒಳ್ಳೆಯದೇ. ಆದರೆ 300 ಎಂಬ ಅಂಕಿ ಎಲ್ಲಿಂದ ಬಂತು? ಶೋಲಾ ಕಾಡಿಗೂ ಬೋಳು ಬಂಡೆಗೂ, ನೀರಿನ ಸೆಲೆಯಿರುವ ದಾರಿಗೂ ಇಲ್ಲದ ದಾರಿಗೂ ಒಂದೇ ಅಂಕಿ ಹೇಗೆ ಸಲ್ಲುತ್ತದೆ? ಬೆಟ್ಟದ ಧಾರಣ ಸಾಮರ್ಥ್ಯವನ್ನು ಬೆಟ್ಟವನ್ನು ನೋಡಿ ಅಳೆಯಬೇಕೇ ಹೊರತು ಟಿಕೇಟಿನ ಪುಸ್ತಕವನ್ನು ನೋಡಿಯಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಸುಟ್ಟುಹೋದದ್ದನ್ನು ಮರೆಯುವಂತಿಲ್ಲ. ಹಿಮಾಲಯದ ಹಿಮಗಾಳಿಗೆ ಇಲ್ಲಿಯ ಸಮಾನ ಪದ ಕಾಳ್ಗಿಚ್ಚು.

ಹೆಗ್ಗಡದೇವನಕೋಟೆಯ ಕಥೆ ಇನ್ನೂ ಹತ್ತಿರದ್ದು. ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1974ರಲ್ಲಿ. ಆ ನೀರಿನಡಿ ಊರುಗಳು ಮುಳುಗಿದವು, ಹೊಲಗಳು ಮುಳುಗಿದವು. ಇಂದು ಅದೇ ನೀರಿನ ದಂಡೆ ರೆಸಾರ್ಟುಗಳ ಕಿಟಕಿಗೆ ನೋಟ. ಮುಳುಗಿದ ಊರಿನ ಮೊಮ್ಮಗ ಆ ನೋಟದ ಮುಂದೆ ತಟ್ಟೆ ಎತ್ತುವ ಕೆಲಸ ಸಿಕ್ಕಿದರೆ ಅದನ್ನು ಅಭಿವೃದ್ಧಿ ಎನ್ನಲಾಗುತ್ತದೆ. ನಾಗರಹೊಳೆಯಿಂದ ಜೇನುಕುರುಬರನ್ನು ಕಾಡಿನ ಹಿತದ ಹೆಸರಿನಲ್ಲಿ ಹೊರಗೆ ಕಳಿಸಲಾಯಿತು. 1990ರ ದಶಕದಲ್ಲಿ ಅದೇ ಕಾಡಿನೊಳಗೆ ತಾಜ್ ಸಮೂಹದ ಪ್ರವಾಸಿ ಹೋಟೆಲಿಗೆ ಭೂಮಿ ಗುತ್ತಿಗೆಯಾಯಿತು. ಆದಿವಾಸಿ ಸಂಘಟನೆಗಳು ಬೀದಿಗೂ ಇಳಿದವು, ನ್ಯಾಯಾಲಯಕ್ಕೂ ಹೋದವು. 1997ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಗುತ್ತಿಗೆ ಅರಣ್ಯ ಕಾನೂನುಗಳಿಗೆ ವಿರುದ್ಧವೆಂದು ತೀರ್ಪು ನೀಡಿತು. ಬರಿಗಾಲಿನವರು ಗೆದ್ದರು. ಆದರೆ ಅವರ ಹಾಡಿಗಳ ಹಕ್ಕಿನ ಪ್ರಶ್ನೆ ಅಷ್ಟಕ್ಕೇ ಮುಗಿಯಲಿಲ್ಲ. 2025ರ ಮೇ ತಿಂಗಳಿನಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯಲ್ಲಿ ಜೇನುಕುರುಬ ಕುಟುಂಬಗಳು ಪೂರ್ವಿಕರ ನೆಲಕ್ಕೆ ಮರಳಿ ಗುಡಿಸಲು ಹಾಕಿದಾಗ ಇಲಾಖೆಯ ತಡೆ ಎದುರಾಯಿತು. ಸಫಾರಿ ವಾಹನಕ್ಕೆ ತೆರೆಯುವ ಗೇಟು ಹುಟ್ಟಿದ ಮಗನಿಗೆ ಏಕೆ ಮುಚ್ಚುತ್ತದೆಂಬ ಪ್ರಶ್ನೆಗೆ ಉತ್ತರ ಬಂದಿಲ್ಲ.

2025ರ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಆರಂಭದ ನಡುವೆ ಸರಗೂರು ತಾಲ್ಲೂಕಿನಲ್ಲಿ ಒಬ್ಬರ ಹಿಂದೊಬ್ಬರಂತೆ ಮೂವರು ಹುಲಿದಾಳಿಗೆ ಬಲಿಯಾದರು. ಹೊಲದಲ್ಲಿ ದುಡಿಯುವವರ ಆಕ್ರೋಶಕ್ಕೆ ಮಣಿದು ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೂ ಸಂಘರ್ಷದ ಪ್ರದೇಶಗಳ ಚಾರಣವನ್ನೂ ನಿಲ್ಲಿಸಿತು. ಸಫಾರಿಯೇ ಹುಲಿಯನ್ನು ಊರಿಗೆ ಅಟ್ಟಿತೆಂದು ಖಚಿತವಾಗಿ ಹೇಳಲು ಬಾರದು. ಹುಲಿಗಳ ಸಂಖ್ಯೆ, ಕಾಡಿನಲ್ಲಿ ಹಬ್ಬಿದ ಲಂಟಾನ, ಕಾಡಂಚಿನ ಬೆಳೆಯ ಬದಲಾವಣೆ ಎಲ್ಲವನ್ನೂ ಎಣಿಸಬೇಕು. ಆದರೆ ಒಂದು ಮಾತು ಮಾತ್ರ ಖಚಿತ. ಮೂರು ಹೆಣ ಬೀಳುವವರೆಗೆ, ಕಾಡಿನೊಳಗೆ ದಿನಕ್ಕೆ ಎಷ್ಟು ವಾಹನ ಹೋಗಬೇಕೆಂಬ ಚರ್ಚೆಯಲ್ಲಿ ಕಾಡಂಚಿನ ರೈತನಿಗೆ ಕುರ್ಚಿಯೇ ಇರಲಿಲ್ಲ.

ಲಾತಾ ಹಳ್ಳಿಯ ಪಾಠ

ಹಾಗಾದರೆ ಯಾರೂ ಬೆಟ್ಟ ಹತ್ತಬಾರದೇ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ನ್ಯಾಯವಾದುದು. ಕಾಲಿಗೆ ಮುಳ್ಳು ಚುಚ್ಚದೆ, ಏದುಸಿರು ಬಿಡದೆ ಬೆಟ್ಟದ ಮೇಲೆ ಪ್ರೀತಿ ಹುಟ್ಟುವುದಿಲ್ಲ; ಪ್ರೀತಿ ಹುಟ್ಟದೆ ಯಾರೂ ಅದರ ಪರ ನಿಲ್ಲುವುದೂ ಇಲ್ಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತದ್ದರ ಹಿಂದೆ ಆ ಬೆಟ್ಟಗಳನ್ನು ನಡೆದು ಬಲ್ಲವರ ಪಾಲೂ ಇತ್ತು. ಊರಿನವರಿಗೆ ನಾಲ್ಕು ಕಾಸು ಸಿಗುತ್ತದೆಂಬ ವಾದವೂ ಪೊಳ್ಳಲ್ಲ. ಹೊಟ್ಟೆಗೆ ಬೇಕಾದವನಿಗೆ ಮೌನವಲಯದ ಉಪದೇಶ ಮಾಡುವುದು ಸುಲಭ. ಆದ್ದರಿಂದ ಪ್ರಶ್ನೆ ನಡೆಯಬೇಕೇ ಬೇಡವೇ ಎಂಬುದಲ್ಲ, ಯಾರು ತೀರ್ಮಾನಿಸಬೇಕು ಎಂಬುದು.

ಇದಕ್ಕೆ ಉತ್ತರ ಜೋಶಿಮಠದ ನೆರೆಯಲ್ಲೇ ಇದೆ. 1974ರಲ್ಲಿ ಗೌರಾದೇವಿಯ ನೇತೃತ್ವದಲ್ಲಿ ಮರಗಳನ್ನು ಅಪ್ಪಿಕೊಂಡ ಹೆಂಗಸರ ರೈಣಿ ಗ್ರಾಮ ಅಲ್ಲಿದೆ. ಆ ಕಿಡಿಯೇ 1983ರಲ್ಲಿ ಶಿರಸಿಯ ಸಾಲ್ಕಣಿಗೆ ಬಂದು ಅಪ್ಪಿಕೋ ಆಯಿತು. ರೈಣಿಗೆ ಸಮೀಪದ್ದೇ ಲಾತಾ. 1980ರ ದಶಕದ ಆರಂಭದಲ್ಲಿ ನಂದಾದೇವಿ ಪ್ರದೇಶವನ್ನು ಸಂರಕ್ಷಣೆಗಾಗಿ ಮುಚ್ಚಿದಾಗ ಆ ಹಳ್ಳಿಗರ ಕುರಿಮೇವೂ ಹೋಯಿತು, ಪರ್ವತಾರೋಹಿಗಳಿಂದ ಬರುತ್ತಿದ್ದ ಕೂಲಿಯೂ ಹೋಯಿತು. 1998ರಲ್ಲಿ ಅವರು ಹಕ್ಕು ಕೇಳಿ ಮುಚ್ಚಿದ ಕಾಡಿನೊಳಗೆ ನಡೆದರು. 2001ರ ಅಕ್ಟೋಬರ್‌ನಲ್ಲಿ ಗ್ರಾಮಸಭೆ ಸೇರಿ, ಜೀವವೈವಿಧ್ಯ ಸಂರಕ್ಷಣೆ ಮತ್ತು ಪರಿಸರ ಪ್ರವಾಸೋದ್ಯಮದ ಘೋಷಣೆಯೊಂದನ್ನು ಹೊರಡಿಸಿದರು. ಪ್ರವಾಸಿಗರು ಬರಬಾರದೆಂದು ಅವರು ಹೇಳಲಿಲ್ಲ. ಹೊರಗಿನವರ ಏಕಸ್ವಾಮ್ಯ ಬೇಡ, ಊರಿನ ಒಪ್ಪಿಗೆಯಿಲ್ಲದೆ ಏನೂ ಬೇಡ, ಲಾಭದಲ್ಲಿ ಊರಿಗೆ ಪಾಲಿರಲಿ, ಕಾಡು ಹಾಳಾಗದಿರಲಿ ಎಂದರು. ಅಂಥ ಹಳ್ಳಿಗಳ ಮಾತು ನಡೆಯಲಿಲ್ಲ. ಅಣೆಕಟ್ಟಿನ ಮಾತು ನಡೆಯಿತು. 2021ರ ಫೆಬ್ರವರಿ 7ರಂದು ಋಷಿಗಂಗೆ ಉಕ್ಕಿ ಬಂದು ಕಣಿವೆಯ ಜಲವಿದ್ಯುತ್ ಕಾಮಗಾರಿಗಳನ್ನು ಕೊಚ್ಚಿ, 200ಕ್ಕೂ ಹೆಚ್ಚು ಮಂದಿಯನ್ನು ನುಂಗಿತು. ರೈಣಿಯ ಮನೆಗಳೂ ಅಭದ್ರವಾದವು.

ಲಾತಾದ ಹಳ್ಳಿಗರು ಅಂದು ಕೇಳಿದ್ದನ್ನೇ ಮೈಸೂರು ಸೀಮೆಯ ಕಾಡಂಚಿನ ಊರುಗಳು ಇಂದು ಕೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ತನ್ನ ಕಾಡನ್ನು ಕಾಯುವ ಅಧಿಕಾರವನ್ನು ಕೊಟ್ಟಿದೆ. ಯಾವ ದಾರಿಯಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಮಂದಿ ನಡೆಯಬಹುದೆಂಬುದನ್ನು ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ನಿಗದಿಪಡಿಸಬಾರದು. ಮಾರ್ಗದರ್ಶಿಗಳು ಊರಿನವರೇ ಆಗಿರಬೇಕು. ಹಿಂದಿರುಗಿ ಎಂದು ಅವರು ಹೇಳಿದರೆ ಆ ಮಾತೇ ಅಂತಿಮವಾಗಬೇಕು. ತಮಿಳುನಾಡು 2024ರ ಅಕ್ಟೋಬರ್‌ನಲ್ಲಿ 40 ಚಾರಣ ಮಾರ್ಗಗಳನ್ನು ತೆರೆದಾಗ ಆದಿವಾಸಿ ಮತ್ತು ಕಾಡಂಚಿನ ಯುವಕರನ್ನು ಮಾರ್ಗದರ್ಶಿಗಳನ್ನಾಗಿ ತರಬೇತುಗೊಳಿಸಿತು. ಕರ್ನಾಟಕಕ್ಕೆ ಅದು ಅಸಾಧ್ಯವೇನಲ್ಲ. ಹಣ ಪಡೆದು ಕರೆದೊಯ್ಯುವವರು ಮೊದಲೇ ಠೇವಣಿ ಇಡಬೇಕು. ಕಸ ಕೆಳಗಿಳಿದ ಮೇಲೆಯೇ ಠೇವಣಿ ಮರಳಬೇಕು. ಬೇಸಿಗೆಯ ಬೆಂಕಿಯ ತಿಂಗಳುಗಳಲ್ಲಿ ಬೆಟ್ಟಕ್ಕೆ ಬಿಡುವು ಬೇಕು. ಬೆಟ್ಟದ ನೆತ್ತಿಗೆ ರೋಪ್‌ವೇ ಹಾಕುವ ಮಾತೆತ್ತಿದವರಿಗೆ ಔಲಿಯ ನಿಂತ ತಂತಿಯನ್ನು ತೋರಿಸಬೇಕು. 2021ರಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಮಳೆಗೆ ಕುಸಿದದ್ದನ್ನು ಕಂಡ ಮೈಸೂರಿನವರು ಮರುವರ್ಷ ರೋಪ್‌ವೇ ಪ್ರಸ್ತಾಪವನ್ನು ವಿರೋಧಿಸಿದರು. ಆ ವಿವೇಕ ಎಲ್ಲ ಬೆಟ್ಟಗಳ ಪಾಲಿಗೂ ದೊರೆಯಬೇಕು.

ವಿದ್ಯಾರ್ಥಿಗಳಿಗೆ ಉಳಿಯುವ ಮಾತು ಒಂದೇ. ದೂರದ ಹಿಮವನ್ನು ಮುಟ್ಟಲು ಹೊರಡುವ ಮುನ್ನ ಹತ್ತಿರದ ಬೆಟ್ಟದ ಬುಡದಲ್ಲಿ ಒಂದು ರಾತ್ರಿ ಕಳೆಯಲಿ. ಕಾಡಂಚಿನ ಹೊಲದ ಅಟ್ಟಣೆಯ ಮೇಲೆ, ಕಂಬಳಿ ಹೊದ್ದು, ಆನೆ ಕಾಯುವವನ ಪಕ್ಕದಲ್ಲಿ ಕುಳಿತು ನೋಡಲಿ. ಅಲ್ಲಿಯೂ ಚಳಿಯಿದೆ, ಕತ್ತಲಿದೆ, ನಕ್ಷತ್ರಗಳಿವೆ, ಪ್ರಾಣಭಯವೂ ಇದೆ. ಅದಕ್ಕೆ ಟಿಕೇಟಿಲ್ಲ, ಪ್ರಶಸ್ತಿಪತ್ರವಿಲ್ಲ. ಬೆಳಗಾದಾಗ ಆ ರಾಗಿಯ ಮೆದೆ ಉಳಿದಿದ್ದರೆ ಅಷ್ಟೇ ಗೆಲುವು. ಬೆಟ್ಟದ ಬುಡದಲ್ಲಿ ಬದುಕುವುದೆಂದರೆ ಏನೆಂದು ಅಷ್ಟು ತಿಳಿದು ಬೆಟ್ಟ ಹತ್ತುವವನ ಹೆಜ್ಜೆ ತಾನಾಗಿ ಹಗುರವಾಗುತ್ತದೆ. ಅದಕ್ಕೆ ಯಾವ ಪಾದುಕೆಯೂ ಬೇಕಾಗುವುದಿಲ್ಲ.